ಆರ್.ಸಿ. ಪುಸ್ತಕದ ಎಂಜಿನ್, ಬಾನೆಟ್ ಕೆಳಗಿನ ಎಂಜಿನ್

ಮೋಟಾರು ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಮಾಲೀಕರ ಹೆಸರು, ವಿಳಾಸಗಳನ್ನು ಬದಿಗಿಟ್ಟರೆ, ಆ ವಾಹನ ಇದೇ ಎಂದು ಗುರುತಿಸಿ ಹೇಳುವ ಸಾಲುಗಳು ಮುಖ್ಯವಾಗಿ ಮೂರು: ಚಾಸಿ (ವಾಹನದ ಅಡಿಚೌಕಟ್ಟು) ನಂಬರು, ಎಂಜಿನ್ ನಂಬರು ಮತ್ತು ಎಂಜಿನ್ನಿನ ಘನ ಸಾಮರ್ಥ್ಯ, ಅಂದರೆ ನಾವೆಲ್ಲ ಸಿ.ಸಿ. ಎಂದು ಹೇಳುವ ಅಂಕಿ. ಚಾಸಿ ನಂಬರು ವಾಹನ ಇರುವಷ್ಟು ಕಾಲ ಅದೇ ಆಗಿರುತ್ತದೆ. ಉಳಿದೆರಡು ಬದಲಾಗಬಹುದು, ತುಮಕೂರಿನ ಸುತ್ತಮುತ್ತ ಇಂದಿಗೂ ಓಡಾಡುತ್ತಿರುವ ಹಳೆಯ ಅಂಬಾಸಿಡರ್, ಫಿಯಟ್, ಜೀಪುಗಳಲ್ಲಿ ನಾನು ಬಾನೆಟ್ ಎತ್ತಿ ನೋಡಿರುವ ಅನೇಕವುಗಳಲ್ಲಿ ಅವೆರಡೂ ಬದಲಾಗಿವೆ. ಎಂಜಿನ್ ಬದಲಾಯಿಸುವುದಕ್ಕೆ ಒಳ್ಳೆಯ ಮೆಕ್ಯಾನಿಕ್ ಇದ್ದರೆ ಸಾಕು. ಆ ಬದಲಾವಣೆ ಸರ್ಕಾರದ ದಾಖಲೆಯಲ್ಲಿ ಸರಿಯಾಗಿ ಕೂರುವಂತೆ ಮಾಡುವುದು ಬೇರೆಯೇ ಕೆಲಸ. ಅದನ್ನು ನನ್ನ ಕಾರಿನ ವಿಷಯದಲ್ಲಿ ಈಚೆಗೆ ಮಾಡಿ ಮುಗಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಇತರರಿಗೆ ಉಪಯೋಗವಾಗಲೆಂದು ಕಾನೂನು, ಕಾಗದಪತ್ರ, ವಿಮೆ ಈ ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನದು 1974ರಲ್ಲಿ ನೋಂದಣಿಯಾದ ಅಂಬಾಸಿಡರ್ ಮಾರ್ಕ್ 2. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳ ಮನೆಯಲ್ಲಿ ದಶಕಗಳ ಕಾಲ ಇದ್ದ ಕಾರನ್ನು ಅವರ ಮಕ್ಕಳಿಂದ ಕೊಂಡುಕೊಂಡೆ. ಅಂಬಾಸಿಡರ್ ಕಾರಿಗೆ ಮೊದಲು 1476 ಸಿ.ಸಿ.ಯ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಿಂದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ವಿನ್ಯಾಸದ 1489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಪೆಟ್ರೋಲ್ ಎಂಜಿನ್ ಬಂದಿತು. ನನ್ನ ಕಾರು ಕಾರ್ಖಾನೆಯಿಂದ ಹೊರಬಂದಾಗ ಅದರಲ್ಲಿ ಇದ್ದದ್ದು ಈ ಎರಡನೆಯದು. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತನ್ನ ಹೊಸ ಅಂಬಾಸಿಡರ್‌ಗಳಿಗೆ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಅಳವಡಿಸತೊಡಗಿತು. ಅದನ್ನು ಕಂಡ ಹಳೆಯ ಅಂಬಾಸಿಡರ್ ಮಾಲೀಕರು ಅನೇಕರು ತಮ್ಮ ಕಾರಿಗೂ ಅದೇ ಎಂಜಿನ್ ಕೂರಿಸಿಕೊಂಡರು. ತಿಪಟೂರಿನ ಆ ಯಜಮಾನರೂ ಹಾಗೆಯೇ ಮಾಡಿದ್ದರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ ಶಿರಾಡಿ ಘಾಟಿಯಲ್ಲಿ ಹಳೆಯ ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು, ಇಸುಜು ಬಂದ ಮೇಲೆ ಆ ತೊಂದರೆಯೇ ಇರಲಿಲ್ಲ ಎಂದು ಅವರ ಹಿರಿಯ ಮಗ ನನಗೆ ಹೇಳಿದರು.

ಇಲ್ಲಿ ಸಿ.ಸಿ. ಎಂಬ ಅಂಕಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯಾವ ಬದಲಾವಣೆ ದಾಖಲೆಗೆ ಬರಬೇಕು, ಯಾವುದು ಬೇಕಿಲ್ಲ ಎಂಬ ಗೊಂದಲ ಮೆಕ್ಯಾನಿಕ್‌ಗಳಲ್ಲಿಯೂ ಇದೆ. ಹಳೆಯ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 73.025 ಮಿಲಿಮೀಟರ್, ಪಿಸ್ಟನ್ ಚಲಿಸುವ ಉದ್ದ 88.9 ಮಿಲಿಮೀಟರ್, ನಾಲ್ಕು ಸಿಲಿಂಡರಿಗೆ ಲೆಕ್ಕ ಹಾಕಿದರೆ 1489 ಸಿ.ಸಿ. ಬರುತ್ತದೆ. ಇಸುಜುವಿನದು 84 ಮಿಲಿಮೀಟರ್ ವ್ಯಾಸ, 82 ಮಿಲಿಮೀಟರ್ ಚಲನೆ, ಒಟ್ಟು 1817. ಹಳೆಯ ಎಂಜಿನ್ ಸವೆದು ಹೊಗೆ ಕಾರತೊಡಗಿದಾಗ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಅಗಲಿಸಿ, ದೊಡ್ಡ ಅಳತೆಯ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ವಾಡಿಕೆ. ಒಂದು ಇಂಚಿನ ಸಾವಿರ ಭಾಗಗಳಲ್ಲಿ 40 ಭಾಗದಷ್ಟು ಬೋರ್ ಮಾಡಿಸಿದರೆ ಅದೇ ಎಂಜಿನ್ನಿನ ನಿಜವಾದ ಸಾಮರ್ಥ್ಯ ಸುಮಾರು 1531 ಸಿ.ಸಿ.ಗೆ ಏರುತ್ತದೆ. ಆದರೆ ಅದು ದುರಸ್ತಿ. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ, ಅದೇ, ಅದರ ಮೇಲಿನ ನಂಬರು ಅದೇ, ತಯಾರಕರೇ ಒಪ್ಪಿದ ಪಿಸ್ಟನ್ ಅಳತೆ. ಅದಕ್ಕಾಗಿ ಯಾರೂ ಆರ್.ಸಿ. ತಿದ್ದಿಸುವುದಿಲ್ಲ, ತಿದ್ದಿಸಬೇಕಾಗಿಯೂ ಇಲ್ಲ. ಬ್ಲಾಕ್ ಬದಲಾಗಿ ನಂಬರು ಬೇರೆಯಾದ ಕ್ಷಣದಿಂದ ವಿಷಯ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಅದರ ಜೊತೆಗೆ ಸಾಮರ್ಥ್ಯವೂ ಬೇರೆಯಾದರೆ ಇನ್ನೂ ಗಂಭೀರವಾಗುತ್ತದೆ.

ಮೋಟಾರು ವಾಹನ ಕಾಯ್ದೆ, 1988 ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದರ 52ನೆಯ ಕಲಂ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಆ ಕಲಮಿನ ಮೂಲ ರೂಪದಲ್ಲಿ, ನೋಂದಣಿ ಪ್ರಮಾಣಪತ್ರದ ವಿವರಗಳು ಸುಳ್ಳಾಗುವಂತಹ ಯಾವುದೇ ಬದಲಾವಣೆ ಮಾಡಬಯಸುವ ಮಾಲೀಕರು ಮೊದಲು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಇತ್ತು. ಅಂದರೆ ಒಪ್ಪಿಗೆ ದೊರೆತರೆ ಬದಲಾವಣೆಗೆ ಅವಕಾಶವಿತ್ತು. ತಿಪಟೂರಿನ ಯಜಮಾನರು ಅದೇ ಕ್ರಮದಲ್ಲಿ ನಡೆದುಕೊಂಡಿದ್ದರು. ನನಗೆ ಕಾರಿನೊಂದಿಗೆ ಬಂದ ಹಳೆಯ ಆರ್.ಸಿ. ಪುಸ್ತಕದ ಒಳಪುಟದಲ್ಲಿ ಹೊಸ ಎಂಜಿನ್ ನಂಬರು, 1817 ಸಿ.ಸಿ. ಎಂಬ ಅಂಕಿ, ಅನುಮತಿಯ ಉಲ್ಲೇಖ, ಅಧಿಕಾರಿಯ ಸಹಿ ಮತ್ತು ಮೊಹರು ಎಲ್ಲವೂ ಇವೆ. ಯಾವುದೇ ಒತ್ತಾಯವಿಲ್ಲದೆ, ಗ್ಯಾರೇಜಿನ ಕೆಲಸಕ್ಕಿಂತ ಮೊದಲು ಕಾಗದದ ಕೆಲಸ ಮುಗಿಸಿದ ಆ ಹಿರಿಯರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಅಂದು ಅದನ್ನು ಮಾಡದೆ ಹೋಗಿದ್ದರೆ ಇಂದು ಈ ಕಾರನ್ನು ಅದೇ ಎಂಜಿನ್ನಿನೊಂದಿಗೆ ಕಾನೂನುಬದ್ಧವಾಗಿ ಓಡಿಸಲು ನನಗೆ ದಾರಿಯೇ ಇರುತ್ತಿರಲಿಲ್ಲ.

ಹಾಗಾದರೆ ತೊಂದರೆ ಎಲ್ಲಿಂದ ಬಂತು? ಕೈಬರಹದ ದಪ್ಪ ರಿಜಿಸ್ಟರುಗಳಲ್ಲಿದ್ದ ವಿವರಗಳನ್ನು ಸಾರಿಗೆ ಕಚೇರಿಗಳು 'ವಾಹನ್' ತಂತ್ರಾಂಶಕ್ಕೆ ಏರಿಸಿದಾಗ ಬಂತು. ಹಳೆಯ ವಾಹನಗಳ ಈ ದಾಖಲಾತಿಯನ್ನು ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ನನ್ನ ಕಾರಿನ ವಿಷಯದಲ್ಲಿ, ಸಂಬಂಧಪಟ್ಟ ಕಚೇರಿಯಲ್ಲಿ ಮೂಲ ನೋಂದಣಿಯ ಸಾಲನ್ನು ಮಾತ್ರ ಏರಿಸಲಾಗಿತ್ತು. ಅದರ ಪಕ್ಕದಲ್ಲಿ ನಂತರ ಬರೆದ ಮಾರ್ಪಾಡಿನ ಟಿಪ್ಪಣಿ ಏರಿರಲಿಲ್ಲ. ಹೀಗಾಗಿ ಪುಸ್ತಕದಲ್ಲಿ 1817 ಸಿ.ಸಿ., ಕಂಪ್ಯೂಟರಿನಲ್ಲಿ 1489 ಸಿ.ಸಿ. ಮತ್ತು ಹಳೆಯ ಎಂಜಿನ್ ನಂಬರು. ಹಿಂದಿನ ನವೀಕರಣಗಳೆಲ್ಲ ಪುಸ್ತಕ ನೋಡಿಯೇ ನಡೆದಿದ್ದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬಂದಿರಲಿಲ್ಲ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ (ಎಚ್.ಎಸ್.ಆರ್.ಪಿ.) ಕಡ್ಡಾಯ ಎಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿದಾಗ, ಅರ್ಜಿಯಲ್ಲಿ ಚಾಸಿ ಮತ್ತು ಎಂಜಿನ್ ನಂಬರು ತುಂಬಬೇಕಾಗಿ ಬಂದು, ಅನೇಕರಂತೆ ನಾನೂ ಕಂಪ್ಯೂಟರಿನ ದಾಖಲೆಯನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಕಣ್ಣಾರೆ ನೋಡಬೇಕು. ಆ ತಪಾಸಣೆಯಲ್ಲಿ ಬ್ಲಾಕಿನ ಮೇಲಿನ ನಂಬರಿಗೂ ಪರದೆಯ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ ನವೀಕರಣ ಅಲ್ಲಿಗೇ ನಿಲ್ಲುತ್ತದೆ.

ಇದನ್ನು ಅಕ್ಷರದೋಷದಂತಹ ಚಿಕ್ಕ ವಿಷಯವೆಂದು ಭಾವಿಸುವವರು 52ನೆಯ ಕಲಂ ಇಂದು ಏನು ಹೇಳುತ್ತದೆ ಎಂಬುದನ್ನು ಓದಬೇಕು. 2000ನೆಯ ಇಸವಿಯ ತಿದ್ದುಪಡಿಯ ನಂತರ, ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಕಲಂ ನೇರವಾಗಿ ಹೇಳುತ್ತದೆ. ಬೇರೆ ಇಂಧನದಿಂದ ಓಡಿಸಲು, ಅಂದರೆ ಅನಿಲ, ಬ್ಯಾಟರಿ ಮುಂತಾದವುಗಳಿಗಾಗಿ, ಅನುಮೋದಿತ ಕಿಟ್ ಅಳವಡಿಸುವುದಕ್ಕೆ ಅಲ್ಲಿ ಅವಕಾಶವಿದೆ. ಒಪ್ಪಿಗೆ ಇಲ್ಲದೆ ಬದಲಾವಣೆಯಾಗಿದ್ದರೆ ಮಾಲೀಕರು 14 ದಿನಗಳೊಳಗೆ ತಾವು ವಾಸಿಸುವ ಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಪ್ರಮಾಣಪತ್ರವನ್ನೂ ಶುಲ್ಕವನ್ನೂ ಸಲ್ಲಿಸಬೇಕೆಂದು ಅದೇ ಕಲಂ ವಿಧಿಸುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಈ ತಿದ್ದುಪಡಿಯ ಉದ್ದೇಶವನ್ನು ವಿವರಿಸಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಡಿಗೆ ಅವಕಾಶವಿಲ್ಲವೆಂದು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಸೇರಿಸಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಹೀಗಿರುವಾಗ, ಕಂಪ್ಯೂಟರಿನಲ್ಲಿ 1489 ಎಂದಿದ್ದು ಬಾನೆಟ್ ಕೆಳಗೆ 1817 ಇದ್ದರೆ, ಹಿಂದಿನ ಅನುಮತಿ ತಿಳಿಯದ ಯಾವ ಅಧಿಕಾರಿಯಾದರೂ ಅದನ್ನು ನೆನ್ನೆ ಮೊನ್ನೆ ಮಾಡಿದ ಅಕ್ರಮ ಬದಲಾವಣೆ ಎಂದೇ ಓದುತ್ತಾರೆ. ಹಾಗೆ ಓದಿದ್ದಕ್ಕೆ ಅವರನ್ನು ದೂರುವಂತಿಲ್ಲ.

ಆದ್ದರಿಂದ ನಾನು ಅರ್ಜಿ ಬರೆಯುವಾಗ ಒಂದು ವಿಷಯವನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ: ನಾನು ಕೇಳುತ್ತಿರುವುದು ಮಾರ್ಪಾಡಿಗೆ ಹೊಸ ಅನುಮತಿಯನ್ನಲ್ಲ, ಹಿಂದೆ ಕಾನೂನಿನಂತೆ ದೊರೆತ ಅನುಮತಿ ಕಂಪ್ಯೂಟರಿನ ದಾಖಲೆಗೆ ಏರದೇ ಇರುವುದನ್ನು ಸರಿಪಡಿಸುವುದನ್ನು. ಈ ವ್ಯತ್ಯಾಸವನ್ನು ಮೊದಲ ವಾಕ್ಯದಲ್ಲಿಯೇ ಹೇಳದಿದ್ದರೆ ಅರ್ಜಿ ತಪ್ಪು ಮೇಜಿಗೆ ಹೋಗಿ, ಅಲ್ಲಿಂದ 'ಸಿ.ಸಿ. ಬದಲಾವಣೆಗೆ ಅವಕಾಶವಿಲ್ಲ' ಎಂಬ ಒಂದೇ ಸಾಲಿನ ಹಿಂಬರಹದೊಂದಿಗೆ ಹಿಂದಿರುಗುತ್ತದೆ. ಅರ್ಜಿಯೊಂದಿಗೆ ಹಳೆಯ ಪುಸ್ತಕದ ಎಲ್ಲ ಪುಟಗಳ ನಕಲು, ಬಿ-ಎಕ್ಸ್‌ಟ್ರಾಕ್ಟ್, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಮತ್ತು ಚಾಸಿ ಹಾಗೂ ಎಂಜಿನ್ ನಂಬರುಗಳ ಪೆನ್ಸಿಲ್ ಪ್ರಿಂಟ್, ಅಂದರೆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಮೂಡಿಸಿದ ಅಚ್ಚು, ಲಗತ್ತಿಸಿದೆ. ಬಿ-ಎಕ್ಸ್‌ಟ್ರಾಕ್ಟ್ ಎಂದರೆ ಕಚೇರಿಯ ದಾಖಲೆಯಲ್ಲಿ ನಮ್ಮ ವಾಹನದ ಬಗ್ಗೆ ಏನಿದೆಯೋ ಅದರ ಅಧಿಕೃತ ಪ್ರತಿ. ನಮ್ಮ ಕೈಲಿರುವ ಪುಸ್ತಕಕ್ಕೂ ಕಚೇರಿಯ ದಾಖಲೆಗೂ ಎಲ್ಲಿ ಭಿನ್ನತೆ ಇದೆ ಎಂಬುದನ್ನು ಅದು ಒಂದೇ ಹಾಳೆಯಲ್ಲಿ ತೋರಿಸುವುದರಿಂದ, ಹಳೆಯ ವಾಹನ ಕೊಳ್ಳುವ ಪ್ರತಿಯೊಬ್ಬರೂ ಹಣ ಕೊಡುವ ಮುನ್ನ ಅದನ್ನು ತೆಗೆಸಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪೆನ್ಸಿಲ್ ಪ್ರಿಂಟ್ ಸುಲಭದ ಕೆಲಸವೆಂದು ತೋರುತ್ತದೆ, ಆದರೆ ಎಣ್ಣೆ, ಧೂಳು, ಹಳೆಯ ಬಣ್ಣ ಸೇರಿ ಗಟ್ಟಿಯಾಗಿರುವ ಬ್ಲಾಕಿನ ಮೇಲೆ ಅಂಕಿಗಳು ಮೂಡುವುದೇ ಇಲ್ಲ. ತುಮಕೂರಿನ ಬಟವಾಡಿಯ ಬಳಿ ಹಳೆಯ ಅಂಬಾಸಿಡರ್‌ಗಳ ಕೆಲಸವನ್ನೇ ಬಹುಕಾಲದಿಂದ ಮಾಡಿಕೊಂಡು ಬಂದಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆ ಜಾಗವನ್ನು ನಿಧಾನವಾಗಿ ಒರೆಸಿ ಸ್ವಚ್ಛ ಮಾಡಿಕೊಟ್ಟರು. ನಾನು ಉಪ್ಪುಕಾಗದ ಮುಂದೆ ಚಾಚಿದಾಗ ಅವರು ತಡೆದರು. "ಬೇಡಿ ಸಾರ್, ಉಪ್ಪುಕಾಗದ ತಾಗಿಸಬೇಡಿ. ನಂಬರ್ ಮೇಲೆ ಗೀರು ಕಂಡರೆ ಇನ್‌ಸ್ಪೆಕ್ಟರು ನಂಬರ್ ತಿದ್ದಿದ್ದಾರೆ ಅಂತಾರೆ, ಆಮೇಲೆ ನೀವು ಏನು ಹೇಳಿದರೂ ಕೇಳೋದಿಲ್ಲ" ಎಂದರು. ಅವರ ಮಾತು ಅಕ್ಷರಶಃ ಸರಿ. ಕದ್ದ ವಾಹನಗಳ ಎಂಜಿನ್ ನಂಬರನ್ನು ಉಜ್ಜಿ ಅಳಿಸಿ ಹೊಸದನ್ನು ಪಂಚ್ ಹೊಡೆಸುವುದುಂಟು. ಆ ಕಾರಣಕ್ಕಾಗಿಯೇ ಇಲಾಖೆ ಅಂಕಿಗಳ ಸುತ್ತಲಿನ ಲೋಹವನ್ನೂ ಪರೀಕ್ಷಿಸುತ್ತದೆ. ಅಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ಯಾರೂ ತಾವಾಗಿಯೇ ನಂಬರನ್ನು ಮತ್ತೆ ಪಂಚ್ ಹೊಡೆಸಬಾರದು.

ಕಚೇರಿಯಲ್ಲಿ ಕೆಲಸ ನಿಂತದ್ದು ಹಳೆಯ ರಿಜಿಸ್ಟರು ಸಿಗುವವರೆಗೆ. ಪುಸ್ತಕದಲ್ಲಿನ ಟಿಪ್ಪಣಿಯೊಂದನ್ನೇ ನಂಬಿ ಕಂಪ್ಯೂಟರಿನ ವಿವರ ಬದಲಾಯಿಸಲು ಸಾಧ್ಯವಿಲ್ಲ, ಕಚೇರಿಯ ಪ್ರತಿಯಲ್ಲಿಯೂ ಅದೇ ಟಿಪ್ಪಣಿ ಇರಬೇಕು ಎಂದು ಅಧೀಕ್ಷಕರು ಹೇಳಿದರು. ಅದು ಸರಿಯಾದ ನಿಲುವು, ಏಕೆಂದರೆ ಮೊಹರನ್ನು ನಕಲು ಮಾಡಿಸುವುದು ಕಷ್ಟವೇನಲ್ಲ. ನನ್ನ ಅನುಕೂಲಕ್ಕೆ ಪುಸ್ತಕದಲ್ಲಿ ಅನುಮತಿಯ ಸಂಖ್ಯೆ ಮತ್ತು ದಿನಾಂಕ ಎರಡೂ ಓದುವಂತಿದ್ದವು. ಆ ದಿನಾಂಕವನ್ನು ಹಿಡಿದು ದಾಖಲೆ ಕೊಠಡಿಯ ಸಿಬ್ಬಂದಿ ಸಂಪುಟವನ್ನು ಹುಡುಕಿ ತೆಗೆದರು. ಸಾಲು ಸಿಕ್ಕ ಮೇಲೆ ಉಳಿದದ್ದು ಬೇಗ ನಡೆಯಿತು: ನಿರೀಕ್ಷಕರು ಕಾರನ್ನು ನೋಡಿ, ಪೆನ್ಸಿಲ್ ಪ್ರಿಂಟನ್ನು ಬ್ಲಾಕಿನೊಂದಿಗೆ ತಾಳೆ ಮಾಡಿ ವರದಿ ಬರೆದರು, ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ತಿದ್ದುಪಡಿಗೆ ಒಪ್ಪಿದರು, ಎಂಜಿನ್ ನಂಬರು ಮತ್ತು ಸಾಮರ್ಥ್ಯ ಎರಡೂ ಸರಿಯಾಗಿ ಏರಿದವು. ಬೇರೆ ಜಿಲ್ಲೆಯಲ್ಲಿ ಮೊದಲು ನೋಂದಣಿಯಾದ ಕಾರುಗಳ ಮಾಲೀಕರು, ಕೆ.ಎ. 06 ತುಮಕೂರು, 44 ತಿಪಟೂರು, 64 ಮಧುಗಿರಿ ಎಂದು ನಮ್ಮ ಜಿಲ್ಲೆಯಲ್ಲಿಯೇ ಕಚೇರಿಗಳು ಬೇರೆಬೇರೆಯಾಗಿರುವುದನ್ನೂ ನೆನಪಿನಲ್ಲಿಟ್ಟು, ತಮ್ಮ ಕಾರಿನ ಮೂಲ ರಿಜಿಸ್ಟರು ಈಗ ಯಾವ ಕಚೇರಿಯಲ್ಲಿದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳುವುದು ಒಳಿತು.

ವಿಮೆಯ ಮಾತು ಇಲ್ಲಿಯೇ ಬರಬೇಕು. ಖಾಸಗಿ ಕಾರುಗಳ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆಯ ಕಂತು ನಿಂತಿರುವುದೇ ಸಿ.ಸಿ.ಯ ಮೇಲೆ: 1000ದವರೆಗೆ ಒಂದು ದರ, 1000ದಿಂದ 1500ರವರೆಗೆ ಇನ್ನೊಂದು, 1500 ದಾಟಿದರೆ ಮತ್ತೊಂದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಎರಡನೆಯ ವರ್ಗಕ್ಕೆ ವರ್ಷಕ್ಕೆ 3,416 ರೂಪಾಯಿ, ಮೂರನೆಯದಕ್ಕೆ 7,897 ರೂಪಾಯಿ. ಹಳೆಯ ಅಂಬಾಸಿಡರ್‌ನ 1489 ಸಿ.ಸಿ. ಆ ಗೆರೆಯ ಸ್ವಲ್ಪ ಕೆಳಗಿದೆ, ಇಸುಜುವಿನ 1817 ಬಹಳ ಮೇಲಿದೆ. ಹೀಗಾಗಿ ದಾಖಲೆ ಸರಿಯಾದೊಡನೆ ಕಂತು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಇದೇ ಕಾರಣಕ್ಕೆ ದಾಖಲೆಯನ್ನು ಹಳೆಯ ಅಂಕಿಯಲ್ಲಿಯೇ ಬಿಟ್ಟುಬಿಡಿ ಎಂದು ನನಗೆ ಸಲಹೆ ಕೊಟ್ಟವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಪಘಾತವಾದಾಗ ನಷ್ಟದ ಅಂದಾಜು ಮಾಡುವ ವಿಮೆಯ ಸರ್ವೇಯರ್ ಮೊದಲು ನೋಡುವುದು ಎಂಜಿನ್ ನಂಬರನ್ನೇ, ಮತ್ತು ಪಾಲಿಸಿಯಲ್ಲಿ ಬೇರೆ ಎಂಜಿನ್ ಇದ್ದರೆ ವಿವಾದ ಅಲ್ಲಿಂದಲೇ ಆರಂಭವಾಗುತ್ತದೆ. ರಸ್ತೆಯಲ್ಲಿ ನಮ್ಮಿಂದ ಬೇರೊಬ್ಬರಿಗೆ ಪೆಟ್ಟಾದರೆ ಆ ಕುಟುಂಬಕ್ಕೆ ಪರಿಹಾರ ತಡವಾಗುವಂತಹ ಸಂದೇಹವೊಂದನ್ನು ಕೆಲವು ಸಾವಿರ ರೂಪಾಯಿಗಾಗಿ ಉಳಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ತಿದ್ದಿದ ದಾಖಲೆ ಕೈಗೆ ಬಂದ ಮೇಲೆ ವಿಮಾ ಕಂಪನಿಗೆ ಬರೆದು, ಪಾಲಿಸಿಯಲ್ಲಿ ಎಂಜಿನ್ ನಂಬರನ್ನೂ ಸಿ.ಸಿ.ಯನ್ನೂ ತಿದ್ದಿಸಿ, ವ್ಯತ್ಯಾಸದ ಹಣ ಕಟ್ಟಿದೆ.

ಹೊಗೆ ತಪಾಸಣೆಯಲ್ಲಿ ಸಿ.ಸಿ.ಗೆ ಪ್ರತ್ಯೇಕ ಮಿತಿಯಿಲ್ಲ. ಇಷ್ಟು ಹಳೆಯ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮೊನಾಕ್ಸೈಡಿನ ಮಿತಿ ಶೇಕಡಾ 3. ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಎರಡೂ ಎಂಜಿನ್ನುಗಳು ಅದರೊಳಗೆ ಬರುತ್ತವೆ.

ಇನ್ನು ವಿಂಟೇಜ್ ನೋಂದಣಿಯ ಪ್ರಶ್ನೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿ.ಎ. ಅಕ್ಷರಗಳುಳ್ಳ ಪ್ರತ್ಯೇಕ ನಂಬರು ಕೊಡುವ ವ್ಯವಸ್ಥೆ ಮಾಡಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನನ್ನ ಕಾರಿಗೆ 2024ಕ್ಕೆ 50 ತುಂಬಿತು, ಆದ್ದರಿಂದ ವಯಸ್ಸಿನ ಷರತ್ತು ಪೂರೈಸಿದೆ. ಆದರೆ ವಾಹನ ತನ್ನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಆ ನಿಯಮದ ಇನ್ನೊಂದು ಷರತ್ತು. ಅನುಮತಿ ಪಡೆದೇ ಬದಲಾಯಿಸಿದ್ದರೂ ಇಸುಜು ಎಂಜಿನ್ನಿನ ಮಾರ್ಕ್ 2 ಮೂಲ ರೂಪದ್ದಲ್ಲ. ಅಲ್ಲದೆ ವಿ.ಎ. ನಂಬರಿನ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂತಹ ಕಾರಣಗಳಿಗಲ್ಲದೆ ನಿತ್ಯದ ಬಳಕೆಗೆ ರಸ್ತೆಗೆ ತರುವಂತಿಲ್ಲ. ನಾನು ನನ್ನ ಕಾರಿನಲ್ಲಿ ಗುಬ್ಬಿಗೆ, ಶಿರಾಕ್ಕೆ, ದೇವರಾಯನದುರ್ಗಕ್ಕೆ ಹೋಗಿಬರುವವನು. ಎಂಜಿನ್ನನ್ನು ಹಿಂದಿನ 1489ಕ್ಕೆ ಮರಳಿಸಿ ವಿಂಟೇಜ್ ಮಾಡಿಸಬಾರದೇ ಎಂದು ಗೆಳೆಯರು ಕೇಳಿದರು; ಬಹಳ ಯೋಚಿಸಿ, ಬೇಡವೆಂದು ತೀರ್ಮಾನಿಸಿದೆ. ಇಸುಜು ಎಂಜಿನ್ ಈ ಕಾರಿನಲ್ಲಿ ಇದ್ದ ವರ್ಷಗಳು ಮೂಲ ಎಂಜಿನ್ ಇದ್ದ ವರ್ಷಗಳಿಗಿಂತ ಈಗ ಹೆಚ್ಚಾಗಿವೆ. ಅದೂ ಈ ಕಾರಿನ ಚರಿತ್ರೆಯೇ.

ಆದರೆ ಮೂಲ ಎಂಜಿನ್ ಇನ್ನೂ ಉಳಿದಿರುವ ಕಾರು ಯಾರ ಬಳಿಯಾದರೂ ಇದ್ದರೆ, ಅವರು ದಯವಿಟ್ಟು ಅದನ್ನು ಬಿಚ್ಚಬಾರದೆಂದು ಕೇಳಿಕೊಳ್ಳುತ್ತೇನೆ. ತಿಪಟೂರಿನ ಯಜಮಾನರಿಗೆ ಇದ್ದ ದಾರಿ ಇಂದು ಇಲ್ಲ, ಹೆಚ್ಚಿನ ಸಿ.ಸಿ.ಯ ಎಂಜಿನ್ ಕೂರಿಸಿ ನಂತರ ದಾಖಲೆ ಮಾಡಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ ಈಗಿನ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಬ್ಲಾಕ್ ಸೀಳಿಬಿಟ್ಟು ಬೇರೆ ದಾರಿಯೇ ಇಲ್ಲವೆಂದಾದರೆ ಅದೇ ತಯಾರಿಕೆಯ, ಅದೇ ಸಾಮರ್ಥ್ಯದ ಎಂಜಿನ್ನನ್ನೇ ಹುಡುಕಿ, ಕೂರಿಸುವ ಮೊದಲೇ ಲಿಖಿತ ಒಪ್ಪಿಗೆ ಕೇಳಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಇಂತಹ ಎಂಜಿನ್ನುಗಳು ಇಂದಿಗೂ ಸಿಗುತ್ತವೆ. ಅಲ್ಲಿ ಬೆಲೆಗಿಂತ ಮುಖ್ಯವಾಗಿ ಕೇಳಬೇಕಾದದ್ದು, ಆ ಎಂಜಿನ್ ಯಾವ ಕಾರಿನಿಂದ ಬಂದದ್ದು ಎಂಬುದನ್ನು. ಆ ಕಾರಿನ ನೋಂದಣಿ 55ನೆಯ ಕಲಮಿನ ಪ್ರಕಾರ ರದ್ದಾಗಿರುವುದಕ್ಕೆ ಕಾಗದ, ಮಾರಿದವರ ಬಿಲ್ಲಿನಲ್ಲಿ ಎಂಜಿನ್ ನಂಬರು, ಮತ್ತು ಆ ವಾಹನ ಕಳುವಿನ ಪಟ್ಟಿಯಲ್ಲಿ ಇಲ್ಲವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ವರದಿ, ಈ ಮೂರೂ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಕೊಳ್ಳಬಾರದು.

ತಿದ್ದುಪಡಿ ಮುಗಿದ ಮೇಲೆ ಹೊಸ ಕಾರ್ಡು ಬರುತ್ತದೆ. ಅದರಲ್ಲಿ ಈಗಿನ ಎಂಜಿನ್ನಿನ ವಿವರ ಮಾತ್ರ ಇರುತ್ತದೆ, ಅನುಮತಿ ಎಂದು, ಹೇಗೆ ದೊರೆಯಿತು ಎಂಬುದು ಇರುವುದಿಲ್ಲ. ಹಾಗಾಗಿ ಹಳೆಯ ಪುಸ್ತಕವನ್ನು ಒಪ್ಪಿಸುವಂತೆ ಯಾರಾದರೂ ಕೇಳಿದರೆ, ಮೊದಲು ಅದರ ದೃಢೀಕೃತ ನಕಲು ಪಡೆಯಿರಿ. ತಿದ್ದುಪಡಿಯ ಆದೇಶ, ನಿರೀಕ್ಷಕರ ವರದಿಯ ಪ್ರತಿ, ತಿದ್ದಿದ ನಂತರ ತೆಗೆಸಿದ ಹೊಸ ಬಿ-ಎಕ್ಸ್‌ಟ್ರಾಕ್ಟ್ ಮತ್ತು ತಿದ್ದಿದ ಪಾಲಿಸಿ, ಇವೆಲ್ಲವನ್ನೂ ಒಂದೇ ಕಡತದಲ್ಲಿಟ್ಟು, ಕಾರನ್ನು ಮುಂದೆ ಯಾರಿಗೆ ಕೊಟ್ಟರೂ ಕೀಲಿಯೊಂದಿಗೆ ಆ ಕಡತವನ್ನೂ ಕೊಡಬೇಕು.